ಎಡಕ್ಕೆ ಹೊಸೆದ ಹಗ್ಗ

ಅತ್ತಿಗೆ ಸೆತ್ಸು ಫೋನಿನಲ್ಲಿ ಹೇಳಿದ್ದು ಒಂದೇ ಮಾತು. “ಬೆಳಗ್ಗೆ ಹೋಗಿಬಿಟ್ರು.” ಯಾರು ಎಂದು ಕಿಯೊಹಾರು ಕೇಳಲಿಲ್ಲ, ನಿಮ್ಮಣ್ಣ ಎಂದು ಅವಳೂ ಹೇಳಲಿಲ್ಲ. “ಹಾಗಾ,” ಎಂದ. ಅಷ್ಟಕ್ಕೇ ಬಿಟ್ಟರೆ ಸರಿಹೋಗುವುದಿಲ್ಲವೆನಿಸಿ, “ಇವತ್ತು ಚಳಿ ಜಾಸ್ತಿ,” ಎಂದು ಸೇರಿಸಿದ. “ಹೌದು, ಹಿಮ ಬೀಳಬಹುದು ಅಂದಿದ್ದಾರೆ. ನೀವು ಬರೋದು ಬಿಡೋದು ನಿಮಗೆ ಬಿಟ್ಟಿದ್ದು. ಹೇಳೋದು ನನ್ನ ಕರ್ತವ್ಯ, ಹೇಳಿದ್ದೀನಿ,” ಎಂದು ಅವಳು ಫೋನಿಟ್ಟಳು. ಕಿಯೊಹಾರು ಫೋನನ್ನು ಒಂದು ಸಲ ಒರೆಸಿ ಇಟ್ಟ. ಯಾಕೆ ಒರೆಸಿದನೋ ಅವನಿಗೇ ತಿಳಿಯಲಿಲ್ಲ. ಕಿಟಕಿಯ ಆಚೆ ಕಣಿವೆ, ಕಣಿವೆಯ ಆಚೆ ಮುಕೋದೆ ಊರು, ಅಲ್ಲಿ ನೀಲಿ ತಗಡಿನ ಮಾಡಿನ ಅಣ್ಣನ ಮನೆ. ಪ್ರತಿ ದಿನ ಹಲ್ಲುಜ್ಜುವಾಗ ಅವನು ನೋಡದೆ ಇರುತ್ತಿದ್ದುದು ಆ ಮನೆಯನ್ನೇ. ಇವತ್ತು ನೇರವಾಗಿ ನೋಡಿದ. ಹೊಗೆ ಎಂದಿನಂತೆಯೇ ಏಳುತ್ತಿತ್ತು. ಅವನು ನಿಂತು ದುಃಖ ಬರಲೆಂದು ಕಾದ. ಆದರೆ ಜೀವನವೆಲ್ಲ ಬಸ್ಸು ಓಡಿಸಿದವನಿಗೆ ಕಾಯುವ ಅಭ್ಯಾಸವಿರಲಿಲ್ಲ, ಕಾಯುತ್ತಿದ್ದವರೆಲ್ಲ ಬೇರೆಯವರು. ಚಹಾ ಆರಿತು. ಹೊರಗೆ ಅಂಗಳದಲ್ಲಿ ನಿನ್ನೆ ನೀರು ಚಿಮುಕಿಸಿ ಬಡಿದು ಮೆದು ಮಾಡಿಟ್ಟ ಹುಲ್ಲಿನ ಹೊರೆ ಗೋಣಿ ಹೊದ್ದು ಕೂತಿತ್ತು. ಇವತ್ತು ಹೊಸ ವರ್ಷಕ್ಕೆಂದು ಬೆಟ್ಟದ ದೇವರ ಗುಡಿಗೆ ಹುಲ್ಲಿನ ಹೊಸ ಹಗ್ಗ ಹೊಸೆದು ಕಟ್ಟುವ ದಿನ.

ಫೋನು ಎತ್ತಿದ್ದೇ ತಪ್ಪಾಯಿತು ಎಂದು ಹೊರೆಯನ್ನು ಬೆನ್ನಿಗೇರಿಸಿಕೊಳ್ಳುತ್ತ ಅವನು ಯೋಚಿಸಿದ. ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ. ಒಂದು ನಿಮಿಷ ಮುಂಚೆ ಹೊರಟಿದ್ದರೆ ಫೋನು ಖಾಲಿ ಮನೆಯಲ್ಲಿ ಬಡಿದುಕೊಳ್ಳುತ್ತಿತ್ತು, ಅವನು ಶುದ್ಧನಾಗಿ ಬೆಟ್ಟ ಹತ್ತುತ್ತಿದ್ದ, ಅಣ್ಣ ಅವನ ಮಟ್ಟಿಗೆ ಸಂಜೆಯವರೆಗೆ ಬದುಕಿರುತ್ತಿದ್ದ. ಸೂತಕವಿದ್ದವರು ದೇವರ ಬಾಗಿಲು ದಾಟಬಾರದು. ಇದು ಒಕುಸೆ ಊರಿನಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಊರವರಿಗೆ ಅದನ್ನು ನೆನಪಿಸುವ ಹೊಣೆ ಅವನದೇ. ಹೋದ ವರ್ಷದ ಹಿಂದಿನ ವರ್ಷ ಇದೇ ಹೊತ್ತಿಗೆ ಫುಮಿಯೆಯ ಗಂಡ ತೀರಿಕೊಂಡಿದ್ದ. ಕಿಯೊಹಾರು ಇಸ್ತ್ರಿ ಮಾಡಿದ ಕೋಟು ತೊಟ್ಟು ಅವಳ ಬಾಗಿಲಿಗೆ ಹೋಗಿ, ಸೊಂಟ ಬಗ್ಗಿಸಿ ನಮಸ್ಕರಿಸಿ, ಈ ಸಲ ತಾವು ದಯವಿಟ್ಟು ಮೇಲೆ ಬರಬಾರದು ಎಂದು ಬಹಳ ವಿನಯದಿಂದ ಹೇಳಿದ್ದ. ಅವಳು ಅಷ್ಟೇ ವಿನಯದಿಂದ ಆಗಲಿ ಎಂದಿದ್ದಳು. ಹಾಗೆಂದವಳು ಹಗ್ಗದ ದಿನ ಬಂದು ಬಾಗಿಲಿನ ಹೊರಗೆ ದೇವದಾರು ಮರದ ಪಕ್ಕ ನಿಂತಿದ್ದಳು, ಹಗ್ಗ ಕಟ್ಟಿ ಮುಗಿಯುವವರೆಗೂ. ಯಾರೂ ಹೋಗು ಎನ್ನಲಿಲ್ಲ, ಬಾ ಎನ್ನಲೂ ಇಲ್ಲ. ಆ ಸಲ ಮೂರನೆಯ ಎಳೆ ಹಿಡಿಯಲು ಇನ್ನೊಬ್ಬ ಮುದುಕನಿದ್ದ. ಈಗ ಅವನೂ ಇಲ್ಲ. ಹಗ್ಗಕ್ಕೆ ಮೂರು ಎಳೆ, ಊರಿನಲ್ಲಿ ಹೊಸೆಯಬಲ್ಲವರು ಮೂರು ಜನ: ತೊರಾಮಾತ್ಸು ಅಜ್ಜ, ಫುಮಿಯೆ, ಅವನು. ಒಬ್ಬ ಕಡಿಮೆಯಾದರೆ ಹಗ್ಗವಿಲ್ಲ. ಹುಲ್ಲೂ ಬೇರೆ ಇಲ್ಲ. ಮೇಲೆ ಭತ್ತ ಬೆಳೆಯುವುದು ನಿಂತು ಬಹಳ ಕಾಲವಾಯಿತು, ಕೆಳಗಿನ ಬಯಲಿನಲ್ಲಿ ಯಂತ್ರಗಳು ಹುಲ್ಲನ್ನು ಗೇಣುದ್ದ ಕತ್ತರಿಸಿ ಉಗುಳುತ್ತವೆ. ಗುರುತಿನ ರೈತನೊಬ್ಬನ ಕಾಲು ಹಿಡಿದು ಗದ್ದೆಯ ಒಂದು ಮೂಲೆಯನ್ನು ಕುಡುಗೋಲಿನಿಂದ ಕೊಯ್ಯಿಸಿ ತಂದ ಹುಲ್ಲು ಇದು.

ಮೆಟ್ಟಿಲು ಹತ್ತುತ್ತ ಅವನಿಗೊಂದು ದಾರಿ ಹೊಳೆಯಿತು. ಕೆಳಗಿನ ಪಟ್ಟಣದ ಕಚೇರಿಯವರು ಕಣಿವೆಯ ಕಂಬಗಳಿಗೆಲ್ಲ ಧ್ವನಿವರ್ಧಕ ಕಟ್ಟಿದ್ದಾರೆ. ಕಾಡುಹಂದಿ ಬಂದದ್ದು, ಕಸದ ಗಾಡಿ ಬಾರದಿರುವುದು, ಊರವರು ಸತ್ತದ್ದು, ಎಲ್ಲವನ್ನೂ ಒಬ್ಬಳೇ ಹುಡುಗಿ ಒಂದೇ ದನಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಓದುತ್ತಾಳೆ. ಅಣ್ಣನ ಸುದ್ದಿಯೂ ಮಧ್ಯಾಹ್ನ ಬರುತ್ತದೆ. ಅದಕ್ಕೆ ಮೊದಲೇ ಹಗ್ಗ ಹೊಸೆದು ಕಟ್ಟಿಬಿಟ್ಟರೆ, ಉಳಿದವರೊಂದಿಗೆ ತನಗೂ ಆಗಲೇ ತಿಳಿಯುತ್ತದೆ. ಆಗ ತಾನೆ ತಿಳಿದ ಹಾಗೆ ಕಾಣಬೇಕಷ್ಟೆ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲವಾದ್ದರಿಂದ ಅವನು ನಿಂತು ಮುಖವನ್ನು ಒಂದು ಸಲ ಬೆಚ್ಚಿಬಿದ್ದವರ ಹಾಗೆ ಮಾಡಿ ನೋಡಿದ. ಹುಬ್ಬು ಮೇಲೆ ಹೋಯಿತು, ಬಾಯಿ ಮಾತ್ರ ಸರಿಯಾಗಿ ತೆರೆಯಲಿಲ್ಲ. ಇನ್ನೊಂದು ಸಲ ಮಾಡಿದ. ಬೆನ್ನ ಮೇಲಿನ ಹುಲ್ಲು ಕುತ್ತಿಗೆಗೆ ಚುಚ್ಚುತ್ತಿತ್ತು. ಇಷ್ಟು ಮಾಡಿಯೂ ದೇವರ ಬಾಗಿಲು ಎದುರಾದಾಗ ಕಾಲು ನಿಂತುಬಿಟ್ಟಿತು. ಬಾಗಿಲೆಂದರೆ ಎರಡು ಕಂಬ, ಮೇಲೆ ಎರಡು ತೊಲೆ, ಕದವಿಲ್ಲ, ಗೋಡೆಯಿಲ್ಲ. ಒಳಗಿನಿಂದ ತೊರಾಮಾತ್ಸು ಕೆಮ್ಮುವುದು ಕೇಳಿಸಿತು. ಕಿಯೊಹಾರು ಹೊರೆಯನ್ನು ಬೆನ್ನಿನಿಂದ ಕೈಗಿಳಿಸಿಕೊಂಡು, ಎಡಗಡೆಯ ಕಂಬದ ಪಕ್ಕಕ್ಕೆ ಸರಿದು, ದೇವದಾರುವಿನ ಬೇರು ಮೆಟ್ಟಿ, ಬಾಗಿಲನ್ನು ಸುತ್ತುಹಾಕಿ ಒಳಗೆ ಹೋಗಲು ನೋಡಿದ. ಬೇರಿನ ಮೇಲೆ ಇಬ್ಬನಿ ಗಟ್ಟಿಯಾಗಿ ಜಾರುತ್ತಿತ್ತು. ಹುಲ್ಲಿನ ಹೊರೆಯ ಸಮೇತ ಮಳೆನೀರಿನ ಗುಂಡಿಗೆ ಬಿದ್ದ. ಹೊರೆಯನ್ನು ಮಾತ್ರ ಎರಡೂ ಕೈಯಲ್ಲಿ ಎತ್ತಿಹಿಡಿದಿದ್ದ.

“ಏ ಕಿಯೊ, ಬಾಗಿಲು ಇರೋದು ಕಾಣಿಸ್ಲಿಲ್ವೇನೋ?” ಎಂದ ತೊರಾಮಾತ್ಸು, ಮೇಲಿನಿಂದ ಬಗ್ಗಿ. ಅವನಿಗೆ ಕಿವಿ ಮಂದ, ಕಣ್ಣು ಹದ್ದಿನದು. “ನಲವತ್ತು ವರ್ಷ ಬಸ್ಸು ಓಡಿಸ್ದೋನು. ದೇವರೇ ಕಾಪಾಡಿದ್ದಾನೆ ಈ ಕಣಿವೆ ಜನಾನ.”

“ಮರ ನೋಡೋಣ ಅಂತ ಹೋದೆ,” ಎಂದ ಕಿಯೊಹಾರು.

“ಯಾವ ಮರ?”

“ಇದೇ.”

“ಇದು ನಮ್ಮಜ್ಜನ ಕಾಲದಿಂದ ಇಲ್ಲೇ ಇದೆ,” ಎಂದ ಮುದುಕ. ಫುಮಿಯೆ ಹೊರೆಯನ್ನು ತೆಗೆದುಕೊಂಡಳು, ಆಮೇಲೆ ಅವನ ಕೈಗೊಂದು ಬಟ್ಟೆ ಕೊಟ್ಟಳು. ಮೊಣಕಾಲವರೆಗೆ ಕೆಸರು. ಒರೆಸಿಕೊಳ್ಳುತ್ತ ಅವನಿಗೆ ಮುಕೋದೆಯ ಬಸ್ ನಿಲ್ದಾಣ ನೆನಪಾಯಿತು. ಅಲ್ಲಿ ರಸ್ತೆಯಂಚಿಗೆ ಒಂದು ಗುಂಡಿ, ಮಳೆ ಬಂದರೆ ತುಂಬುತ್ತಿತ್ತು. ಅಣ್ಣ ವಾರಕ್ಕೊಂದು ಸಲ ಕೆಳಗಿನ ಕೋಚಿ ನಗರದ ಆಸ್ಪತ್ರೆಗೆ ಅವನ ಬಸ್ಸಿನಲ್ಲೇ ಹೋಗಬೇಕಾಗಿತ್ತು, ಕಣಿವೆಯಲ್ಲಿ ಬೇರೆ ಬಸ್ಸಿರಲಿಲ್ಲ. ಮಾತು ಬಿಟ್ಟ ಮೇಲೆ ಕಿಯೊಹಾರು ಅಣ್ಣನಿಗೆ ಆಡಿದ ಮಾತೆಂದರೆ ಮೈಕಿನಲ್ಲಿ ಎಲ್ಲರಿಗೂ ಹೇಳುವುದೇ: ಬಸ್ಸು ಪೂರ್ತಿ ನಿಂತ ಮೇಲೆ ಏಳಿರಿ. ಸಾಮಾನು ಮರೆಯದಿರಿ. ಮಳೆಗಾಲದ ಸಂಜೆ ವಾಪಸು ಬರುವಾಗ ಅವನು ಬಸ್ಸನ್ನು ಬಹಳ ನಾಜೂಕಾಗಿ, ಬಾಗಿಲು ಸರಿಯಾಗಿ ಗುಂಡಿಯ ನೆತ್ತಿಗೇ ಬರುವಂತೆ ನಿಲ್ಲಿಸುತ್ತಿದ್ದ. ಇದಕ್ಕೆ ಬಹಳ ಕೈಚಳಕ ಬೇಕಿತ್ತು. ಅಣ್ಣ ಒಂದು ಗಳಿಗೆ ಕೆಳಗೆ ನೋಡಿ, ಗುಂಡಿಯೊಳಗೇ ಇಳಿದು, ಆಮೇಲೆ ಹಿಂದಕ್ಕೆ ತಿರುಗಿ ಡ್ರೈವರಿಗೆ ಎಲ್ಲರೂ ಹೇಳುವ ಹಾಗೆ “ಉಪಕಾರವಾಯಿತು” ಎನ್ನುತ್ತಿದ್ದ. ವ್ಯಂಗ್ಯವೇ ಎಂದು ಕಿಯೊಹಾರು ಪ್ರತಿ ಸಲ ಕನ್ನಡಿಯಲ್ಲಿ ನೋಡುತ್ತಿದ್ದ. ವ್ಯಂಗ್ಯವಿರುತ್ತಿರಲಿಲ್ಲ. ಅದೇ ಅವನಿಗೆ ಹೆಚ್ಚು ಉರಿಯುತ್ತಿದ್ದುದು.

ಹಗ್ಗದ ಬುಡವನ್ನು ಮಂಟಪದ ತೊಲೆಗೆ ಕಟ್ಟಿ ಮೂವರೂ ಸುತ್ತ ನಿಂತರು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಎಳೆ. ತನ್ನ ಎಳೆಯನ್ನು ಬಿಗಿಯಾಗಿ ತಿರುಚಿ ಪಕ್ಕದವರ ಕೈಗೆ ದಾಟಿಸಬೇಕು, ಆ ಕಡೆಯವರದನ್ನು ತಾನು ತೆಗೆದುಕೊಳ್ಳಬೇಕು. ಮನೆಯ ಹಗ್ಗವೆಲ್ಲ ಬಲಕ್ಕೆ, ದೇವರ ಹಗ್ಗ ಮಾತ್ರ ಎಡಕ್ಕೆ. ಯಾರೊಬ್ಬರು ಕೈಬಿಟ್ಟರೂ ಅಷ್ಟೂ ಬಿಚ್ಚಿಕೊಳ್ಳುತ್ತದೆ. ಕಿಯೊಹಾರು ಬೇಗ ಬೇಗ ತಿರುಚುತ್ತಿದ್ದ. ಮುದುಕನಿಗೆ ಅವಸರವಿರಲಿಲ್ಲ. ಅವನ ಹೆಂಡತಿ ಹಾಕಿದ ಮೂಲಂಗಿ ಉಪ್ಪಿನಕಾಯಿ ಈ ವರ್ಷ ಮೃದುವಾದದ್ದು, ಕೆಳಗಿನ ಮನೆಯ ಗೋಸ್ಕೆ ಕುಡಿದು ತನ್ನ ನಾಯಿಯ ಹತ್ತಿರವೇ ಬಾಡಿಗೆ ಕೇಳಿದ್ದು, ಎಲ್ಲ ಹೇಳುತ್ತ ನಡುನಡುವೆ ನಿಲ್ಲಿಸುತ್ತಿದ್ದ. “ಹಾಂ, ಕೊಡು. ನೀನು ತಗೋ. ಕೊಡಮ್ಮ ಫುಮಿಯೆ.” ಕೈಯಿಂದ ಕೈಗೆ. ಅಮ್ಮನನ್ನು ಸುಟ್ಟ ದಿನ ಅವಳ ಮೂಳೆಗಳನ್ನು ಕಡ್ಡಿಯಿಂದ ಕಡ್ಡಿಗೆ ದಾಟಿಸಿ ಮಡಕೆಗೆ ತುಂಬಿದ್ದೂ ಹೀಗೆಯೇ. ಸುಟ್ಟು ಹೊರಗೆ ತಂದ ಬಿಸಿ ತಟ್ಟೆಯಿಂದ ಅಣ್ಣ ಕಡ್ಡಿಗಳಲ್ಲಿ ಹಿಡಿದು ಕೊಟ್ಟ, ಅವನು ತನ್ನ ಕಡ್ಡಿಗಳಲ್ಲಿ ತೆಗೆದುಕೊಂಡ. ಅದು ಎಷ್ಟು ಹಗುರವೆಂದರೆ ಇನ್ನೂ ಕೈಗೆ ಬಂದಿಲ್ಲವೆಂದೇ ತಿಳಿದಿದ್ದ. ನೆಲಕ್ಕೆ ಬಿದ್ದು ಚೂರಾಯಿತು. ಆಗ ಅಣ್ಣ ಸಿಟ್ಟೂ ಇಲ್ಲದೆ, ಅಭ್ಯಾಸದಿಂದ ಎಂಬ ಹಾಗೆ, “ಇವನ ಕೈಗೆ ಏನು ಕೊಟ್ರೂ ಹೀಗೇ,” ಎಂದ. ಒಬ್ಬ ದಾಯಾದಿ ಮೂಗಿನಲ್ಲಿ ನಕ್ಕ. ಅಷ್ಟೇ. ಕಿಯೊಹಾರು ಉಳಿದ ಮೂಳೆಗಳನ್ನೆಲ್ಲ ಸರಿಯಾಗಿ ದಾಟಿಸಿ, ಊಟ ಮಾಡಿ, ಎಲ್ಲರಿಗೂ ನಮಸ್ಕಾರ ಹೇಳಿ ಮನೆಗೆ ಬಂದವನು ಆಮೇಲೆ ಕಣಿವೆ ದಾಟಿ ಹೋಗಲಿಲ್ಲ. ಇಷ್ಟು ಸಣ್ಣ ಕಾರಣವನ್ನು ಯಾರಿಗೂ ಹೇಳುವಂತಿರಲಿಲ್ಲವಾದ್ದರಿಂದ ಆಸ್ತಿಯ ಜಗಳವಿರಬೇಕೆಂದು ಊರು ತಾನೇ ತೀರ್ಮಾನಿಸಿತ್ತು. ಅವನೂ ಬೇಡವೆನ್ನಲಿಲ್ಲ. ಆಸ್ತಿಯ ಜಗಳಕ್ಕೆ ಒಂದು ಗೌರವವಿದೆ.

ಹಗ್ಗ ಅರ್ಧದಷ್ಟಾಗಿತ್ತು. ಧ್ವನಿವರ್ಧಕ ಎರಡು ಸಲ ಗೊಗ್ಗರಿಸಿತು, ಆಮೇಲೆ ಆ ಹುಡುಗಿಯ ದನಿ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ತಡವಾಗಿ ಹಾರುತ್ತ ಬಂತು. ಮುಕೋದೆಯ, ಮುಕೋದೆಯ, ನಿಶಿಗಾಯ್ ಮಸಾತ್ಸುಗು ಅವರು, ಸುಗು ಅವರು, ಇಂದು ಬೆಳಗ್ಗೆ ತೀರಿಕೊಂಡರೆಂದು ತಿಳಿಸಲು ವಿಷಾದಿಸುತ್ತೇವೆ. ಅಂತ್ಯಕ್ರಿಯೆ ನಾಳಿದ್ದು. ಹೊಸ ವರ್ಷದ ರಜೆಯಲ್ಲಿ ಗಾಜಿನ ಬಾಟಲಿಗಳನ್ನು ಹೊರಗಿಡಬೇಡಿ. ಬಾಟಲಿಗಳನ್ನು ಹೊರಗಿಡಬೇಡಿ.

ಫುಮಿಯೆ ತನ್ನ ಕೈಗಳನ್ನೇ ನೋಡುತ್ತಿದ್ದಳು. ತಿರುಚುವುದನ್ನು ನಿಲ್ಲಿಸಲಿಲ್ಲ.

“ಯಾರಂತೆ?” ಎಂದ ತೊರಾಮಾತ್ಸು. ಇಬ್ಬರೂ ಎಳೆ ದಾಟಿಸಿದರು. “ಏ, ಯಾರಂತೆ ಅಂದೆ? ಗೋಸ್ಕೆನಾ?”

“ಅಲ್ಲ. ನಮ್ಮಣ್ಣ.”

“ಯಾರು?”

“ನಮ್ಮಣ್ಣ.”

“ಗಟ್ಟಿಯಾಗಿ ಹೇಳೋ ಮಾರಾಯ, ಬಾಯಲ್ಲೇನು ಮೋಚಿ ಕಡುಬು ಇಟ್ಕೊಂಡಿದ್ದೀಯಾ?”

“ಅಣ್ಣ!” ಎಂದು ಕಿಯೊಹಾರು ಕೂಗಿದ. ಅಷ್ಟು ವರ್ಷ ಆಡದ ಮಾತು ಕೂಗಿಯೇ ಹೊರಬರಬೇಕಾಯಿತು. ಕೂಗು ಎದುರು ಬೆಟ್ಟಕ್ಕೆ ಹೋಗಿ, ಅಲ್ಲಿ ನೀಲಿ ಮಾಡಿನ ಮನೆಯ ಆಸುಪಾಸಿನಲ್ಲೆಲ್ಲೋ ತಟ್ಟಿ, ಯಾರೋ ಕರೆದ ಹಾಗೆ ವಾಪಸು ಬಂತು.

ಮುದುಕನ ಮುಖ ಇಳಿಯಿತು. “ಮಸಾತ್ಸುಗುನಾ? ಅಯ್ಯೋ, ಪಾಪ. ನನಗಿಂತ ಎಷ್ಟೋ ಚಿಕ್ಕೋನು. ಕೈ ಬಿಡಬೇಡ, ಕಿಯೊ, ಕೈ ಬಿಡಬೇಡ.” ಒಂದು ಸುತ್ತು ಮೂವರೂ ಎಳೆ ದಾಟಿಸಿದರು. ಆಮೇಲೆ ಮುದುಕ ಮೆಲ್ಲಗೆ, ಮಕ್ಕಳಿಗೆ ಉತ್ತರ ಹೇಳಿಕೊಡುವವರ ಹಾಗೆ ಕೇಳಿದ: “ನಿನಗೂ ಈಗ ತಾನೆ ಗೊತ್ತಾಗಿದ್ದು. ಅಲ್ವಾ?”

ಫುಮಿಯೆ ತಲೆಯೆತ್ತಿ ಕಿಯೊಹಾರುವನ್ನು ನೋಡಿದಳು. ಮೆಟ್ಟಿಲ ಮೇಲೆ ಅಭ್ಯಾಸ ಮಾಡಿದ ಮುಖ ಎಲ್ಲಿ ಹೋಯಿತೋ, ಎಷ್ಟು ಹುಡುಕಿದರೂ ಸಿಗಲಿಲ್ಲ. ಹೌದು ಎಂದರೆ ಸಾಕಿತ್ತು. ಇದುವರೆಗಿನ ಹಗ್ಗ ಶುದ್ಧ, ಇನ್ನು ಮುಂದಿನದಕ್ಕೆ ಏನಾದರೊಂದು ದಾರಿ. ಆದರೆ ಅವಳ ನೋಟದಲ್ಲಿ ಸಿಟ್ಟಿರಲಿಲ್ಲ, ಬರೀ ಕುತೂಹಲವಿತ್ತು. ಇಸ್ತ್ರಿ ಮಾಡಿದ ಕೋಟು ತೊಟ್ಟವನು ಈಗ ಏನು ಹೇಳಬಹುದೆಂಬ ಕುತೂಹಲ.

“ಬೆಳಗ್ಗೇನೇ,” ಎಂದ. “ಅತ್ತಿಗೆ ಫೋನ್ ಮಾಡಿದ್ರು.”

“ಬೆಳಗ್ಗೇನೇ! ಅದಕ್ಕೇನಾ ಗುಂಡೀಲಿ ಬಿದ್ದಿದ್ದು?”

“ಬಾಗಿಲು ದಾಟಬಾರದು ಅಂತ ಸುತ್ತಿ ಬಂದೆ.”

“ಸುತ್ತಿ ಬಂದ್ರೆ ದೇವರಿಗೆ ಗೊತ್ತಾಗಲ್ವಾ? ದೇವರೇನು ನನ್ನ ಹಾಗೆ ಕಿವುಡನಾ?” ಮುದುಕನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ಈಗ ಏನ್ ಮಾಡೋದು? ನೀನು ಇಲ್ಲಿರೋ ಹಾಗಿಲ್ಲ, ಕೈ ಬಿಡೋ ಹಾಗೂ ಇಲ್ಲ. ಸುಳ್ಳು ಹೇಳೋಕೆ ನಾನೇ ಮಾತು ಹೇಳಿಕೊಟ್ಟೆ, ಅದನ್ನೂ ಸರಿಯಾಗಿ ಹೇಳಲಿಲ್ಲ ನೀನು.”

ಅಷ್ಟರಲ್ಲಿ ಕೆಳಗಿನ ಪಟ್ಟಣದಿಂದ ಪೂಜಾರಮ್ಮ ಬಂದಳು. ಹಿಸಾಯೊ ಎಂದು ಹೆಸರು. ಅಪ್ಪ ಸತ್ತ ಮೇಲೆ ಈ ಬೆಟ್ಟದ ದೇವರುಗಳೆಲ್ಲ ಅವಳ ಪಾಲಿಗೆ ಬಂದಿದ್ದವು, ಸಣ್ಣ ಟ್ರಕ್ಕಿನಲ್ಲಿ ಒಂದೊಂದು ದೇವರಿಗೂ ಹೋಗಿಬರುತ್ತಿದ್ದಳು. ಬಿಳಿ ಅಂಗಿಯ ಮೇಲೆ ಚಳಿಕೋಟು, ಒಂದು ಕೈಯಲ್ಲಿ ಅಕ್ಕಿಯ ಮದ್ಯ ಸಾಕೆಯ ಬಾಟಲಿ, ಇನ್ನೊಂದರಲ್ಲಿ ನೈವೇದ್ಯದ ಮೂಲಂಗಿ. ಮೂವರು ಹಗ್ಗ ಹಿಡಿದುಕೊಂಡು ಕದಲದೆ ನಿಂತಿರುವುದನ್ನು ಕಂಡು, “ಯಾಕೆ, ಫೋಟೋ ತೆಗೀಬೇಕಾ?” ಎಂದಳು. ಮುದುಕ ಎಲ್ಲವನ್ನೂ ಹೇಳಿದ. ಅವಳು ಮೂಲಂಗಿಯನ್ನು ಮೆಟ್ಟಿಲ ಮೇಲಿಟ್ಟಳು. ಕಿಯೊಹಾರುವಿಗೆ ತಲೆಬಾಗಿ ಸಂತಾಪ ಹೇಳಿದಳು. ಅವನು ಎಳೆ ಹಿಡಿದುಕೊಂಡೇ ತಲೆಬಾಗಿದ, ಹಗ್ಗವೂ ಅವನೊಂದಿಗೆ ಸ್ವಲ್ಪ ಬಾಗಿತು.

“ನಿಯಮ ಅಂದ್ರೆ ಹೊಸದಾಗಿ ಹೊಸೀಬೇಕು,” ಎಂದಳು.

“ಹುಲ್ಲೆಲ್ಲಿದೆ?” ಎಂದ ಮುದುಕ.

“ಅದೂ ನಿಜ.”

“ಹುಲ್ಲಿಗೆ ಅಣ್ಣ ಇಲ್ಲವಲ್ಲ,” ಎಂದಳು ಫುಮಿಯೆ. ಇದು ಅವಳು ಬೆಳಗಿನಿಂದ ಆಡಿದ ಮೊದಲ ಮಾತು. “ಸೂತಕ ಇವರಿಗೆ. ಹುಲ್ಲಿಗೆ ಯಾರೂ ಸತ್ತಿಲ್ಲ. ಉಪ್ಪು ಹಾಕಿ, ಮಂತ್ರ ಹೇಳಿ. ಇವರು ಹೊರಗೆ ಹೋಗ್ಲಿ. ನಾನು ನಿಂತಿದ್ದ ಜಾಗ ಗೊತ್ತಲ್ಲ, ಅಲ್ಲೇ ನಿಂತ್ಕೊಳ್ಲಿ.”

ಪೂಜಾರಮ್ಮ ಯೋಚಿಸುವ ಹಾಗೆ ಕಾಣಿಸಲಿಲ್ಲ, ಮೈ ಬೆಚ್ಚಗಾಗಲೆಂದು ಕಾಯುವವಳ ಹಾಗೆ ಕಾಣಿಸಿದಳು. ಆಮೇಲೆ ಕೋಟು ತೆಗೆದು, ಬಿಳಿ ತೋಳುಗಳನ್ನು ದಾರದಿಂದ ಮೇಲಕ್ಕೆ ಕಟ್ಟಿ, “ಕೊಡಿ ಇಲ್ಲಿ,” ಎಂದು ಕೈ ಚಾಚಿದಳು. ಎಳೆ ದಾಟಿಸುವಾಗ ಅವಳ ಬೆರಳು ಅವನ ಬೆರಳಿಗೆ ತಾಗಿತು. ಅವನು ಹಿಂದೆಗೆದ, ಅವಳು ಹಿಂದೆಗೆಯಲಿಲ್ಲ. ಹೋಗುವಾಗ ಕಂಬಗಳ ನಡುವೆಯೇ ಹೋದ. ಸುತ್ತಿ ಹೋಗುವುದಕ್ಕೆ ಈಗ ಅರ್ಥವೂ ಇರಲಿಲ್ಲ, ಗುಂಡಿಯೂ ಅಲ್ಲೇ ಇತ್ತು.

ದೇವದಾರುವಿನ ಪಕ್ಕ ನಿಂತರೆ ಒಳಗಿನದು ಏನೂ ಸರಿಯಾಗಿ ಕಾಣುವುದಿಲ್ಲ ಎಂಬುದು ಅವನಿಗೆ ಅಲ್ಲಿ ನಿಂತ ಮೇಲೆಯೇ ತಿಳಿದದ್ದು. ಒಂದು ಕಂಬ ಅಡ್ಡ ಬರುತ್ತದೆ. ಮೂರು ಜೊತೆ ಕಾಲು, ಹಗ್ಗದ ತುದಿ, ಅಷ್ಟೇ. ಮರದ ಬುಡದಿಂದ ಚಳಿ ಅಂಗಾಲಿಗೆ ಏರುತ್ತದೆ. ಆ ವರ್ಷ ಹಿಮ ಬಿದ್ದಿತ್ತು. ಗಂಡ ಸತ್ತು ವಾರವೂ ಆಗದ ಹೆಂಗಸು ಇಲ್ಲಿ ಈ ಕಾಲುಗಳನ್ನು ನೋಡುತ್ತ ನಿಂತಿದ್ದಳು. ಒಳಗಿನಿಂದ ಅವನು ಅವಳನ್ನು ಎರಡು ಸಲ ನೋಡಿದ್ದ, ಹಠಮಾರಿ ಎಂದುಕೊಂಡಿದ್ದ. ಪೂಜಾರಮ್ಮನಿಗೆ ಹೊಸೆಯಲು ಬರುತ್ತಿರಲಿಲ್ಲ, ಅವಳ ಎಳೆ ಬಲಕ್ಕೆ ತಿರುಗುತ್ತಿತ್ತು. ಕಿಯೊಹಾರುವಿಗೆ ತಡೆಯಲಾಗಲಿಲ್ಲ. “ಎಡಕ್ಕೆ,” ಎಂದ. “ದಯವಿಟ್ಟು ಎಡಕ್ಕೆ.” ಮೈಕಿನ ದನಿ ಬಂದುಬಿಟ್ಟಿತು.

“ಹೊರಗಿರೋರು ಮಾತಾಡೋ ಹಾಗಿಲ್ಲ,” ಎಂದಳು ಫುಮಿಯೆ.

ಹಗ್ಗದ ಮೇಲರ್ಧ ಬಿಗಿಯಾಗಿ, ಕೆಳಗರ್ಧ ಸಡಿಲವಾಗಿ, ಇಲಿ ನುಂಗಿದ ಹಾವಿನ ಹಾಗೆ ಒಂದೆಡೆ ಉಬ್ಬಿಕೊಂಡು ಮುಗಿಯಿತು. ಉಪ್ಪು ಬಿತ್ತು, ಕಾಗದದ ಕುಚ್ಚು ಅದರ ಮೇಲೆ ಸರಸರ ಆಡಿತು, ಪೂಜಾರಮ್ಮನ ದನಿ ಏರಿ ಇಳಿಯಿತು. ಹಗ್ಗವನ್ನು ಕಟ್ಟಿದರು. ದೇವರು ಬೇಡವೆಂದ ಲಕ್ಷಣ ಯಾವುದೂ ಕಾಣಲಿಲ್ಲ.

ಫುಮಿಯೆ ಬಾಗಿಲವರೆಗೆ ಬಂದು, ಕಂಬಗಳ ಈಚೆಗೆ ಕಾಲಿಡದೆ, ಕೈ ಮಾತ್ರ ಚಾಚಿ ಎಲೆಯಲ್ಲಿ ಸುತ್ತಿದ ಅನ್ನದ ಉಂಡೆಯೊಂದನ್ನು ಕೊಟ್ಟಳು.

“ನನಗೆ ಅವತ್ತು ಯಾರೂ ಕೊಡಲಿಲ್ಲ,” ಎಂದಳು. “ತಿನ್ನಿ.”

“ಅವತ್ತು ನಾನು—” ಎಂದು ಅವನು ಶುರುಮಾಡಿದ.

“ತಿನ್ನಿ ಅಂದೆ. ಉಪ್ಪು ಜಾಸ್ತಿಯಾಗಿದೆ. ತಿಂದು ಹೊರಡಿ. ಮುಕೋದೆಗೆ ಕತ್ತಲಾಗೋದ್ರೊಳಗೆ ಹೋಗಿ. ಸೆತ್ಸು ಅವರೊಬ್ಬರೇ ಇರ್ತಾರೆ.”

ಉಪ್ಪು ನಿಜವಾಗಿಯೂ ಜಾಸ್ತಿಯಾಗಿತ್ತು. ಅವನು ಪೂರ್ತಿ ತಿಂದ. ಮೆಟ್ಟಿಲಿಳಿದು, ಮನೆಗೆ ಹೋಗಿ ಬಟ್ಟೆ ಬದಲಾಯಿಸಬೇಕೆಂದುಕೊಂಡವನು ಕವಲಿನಲ್ಲಿ ಆ ಕಡೆ ತಿರುಗದೆ ತೂಗುಸೇತುವೆಯ ಕಡೆ ಇಳಿದ. ಮನೆಗೆ ಹೋದರೆ ಕುಳಿತುಬಿಡುತ್ತೇನೆ ಎಂದು ಗೊತ್ತಿತ್ತು. ಸೇತುವೆಯ ನಡುವೆ ನಿಂತರೆ ಎರಡು ಊರೂ ಕಾಣುತ್ತವೆ. ಅವನು ನಿಲ್ಲಲಿಲ್ಲ. ಅಣ್ಣನ ಮನೆಯ ಅಂಗಳದಲ್ಲಿ ಪಕ್ಕದ ಮನೆಯ ಹೆಂಗಸರಿಬ್ಬರು ತಟ್ಟೆಗಳನ್ನು ತೊಳೆಯುತ್ತಿದ್ದರು, ಅವನನ್ನು ಕಂಡು ನೀರು ನಿಲ್ಲಿಸಿದರು. ಒಳಗೆ ದೇವರ ಗೂಡಿಗೆ ಸೂತಕವೆಂದು ಆಗಲೇ ಬಿಳಿ ಕಾಗದ ಅಂಟಿಸಿದ್ದರು. ಸೆತ್ಸು ಹೊರಗೆ ಬಂದು ಅವನ ಮುಖ ನೋಡಿದಳು, ಆಮೇಲೆ ಅವನ ಷರಾಯಿ ನೋಡಿದಳು.

“ಬಂದ್ರಾ,” ಎಂದಳು.

“ಬಂದೆ.”

“ಒಳ್ಳೇದೇ ಆಯ್ತು. ತಲೆ ಉತ್ತರಕ್ಕೆ ಇಡಬೇಕಿತ್ತು, ಪಕ್ಕದವರು ಒಲೆ ಇದೆ ಅಂತ ಪೂರ್ವಕ್ಕೆ ಇಟ್ಟುಬಿಟ್ಟಿದ್ದಾರೆ. ನಮ್ಮ ಮೂವರು ಹೆಂಗಸರ ಕೈಲಿ ಆಗ್ತಿಲ್ಲ. ಭುಜದ ಕಡೆ ನೀವು ಹಿಡ್ಕೊಳ್ಳಿ.”

ಏನಾದರೂ ಹೇಳಬೇಕೆಂದು ದಾರಿಯುದ್ದ ಕಟ್ಟಿಕೊಂಡು ಬಂದ ಮಾತುಗಳಿಗೆ ಜಾಗವೇ ಸಿಗಲಿಲ್ಲ. ಮುಖದ ಮೇಲಿನ ಬಿಳಿ ಬಟ್ಟೆಯನ್ನು ಸೆತ್ಸು ಸರಿಸಿದಳು. ಅಣ್ಣನಿಗೆ ವಯಸ್ಸಾಗಿತ್ತು. ಇದು ಕಿಯೊಹಾರುವಿಗೆ ಹೊಸ ಸುದ್ದಿಯಂತೆ ಕಂಡಿತು. ಅವನು ಬಸ್ಸಿನ ಕನ್ನಡಿಯಲ್ಲಿ ವರ್ಷಗಟ್ಟಲೆ ನೋಡಿದ್ದು ಬೇರೆ ಯಾರನ್ನೋ. ಗಲ್ಲದ ಕೆಳಗೆ ಕ್ಷೌರದ ಕತ್ತಿಗೆ ಸಿಗದೆ ಉಳಿದ ನಾಲ್ಕು ಬಿಳಿ ಕೂದಲಿದ್ದವು, ಅಪ್ಪನಿಗೂ ಅಲ್ಲೇ ಉಳಿಯುತ್ತಿದ್ದವು. ಅವನು ಮಂಡಿಯೂರಿ ಎರಡೂ ಕೈಗಳನ್ನು ಭುಜದ ಕೆಳಗೆ ತೂರಿಸಲು ನೋಡಿದ. ಹಾಸಿಗೆಗೂ ಬೆನ್ನಿಗೂ ನಡುವೆ ಕೈ ಹೋಗಲಿಲ್ಲ. ಮೈ ಗಟ್ಟಿಯಾಗಿತ್ತು, ತಣ್ಣಗಿತ್ತು. ಚಿಕ್ಕವರಿದ್ದಾಗ ಒಂದೇ ಹಾಸಿಗೆಯಲ್ಲಿ ಹೊದಿಕೆ ತನ್ನ ಕಡೆ ಎಳೆದುಕೊಳ್ಳಲು ಹೀಗೆಯೇ ಅಣ್ಣನ ಕೆಳಗೆ ಕೈ ತೂರಿಸುತ್ತಿದ್ದ.

“ಅಣ್ಣಾ, ಸ್ವಲ್ಪ ಮೇಲೇಳು,” ಎಂದ.

ಹೇಳಿದ ಮೇಲೆಯೇ ಕೇಳಿಸಿತು. ಬಾಗಿಲಲ್ಲಿ ನಿಂತಿದ್ದ ಹೆಂಗಸರು ಒಬ್ಬರನ್ನೊಬ್ಬರು ನೋಡದಿರಲು ಕಷ್ಟಪಟ್ಟರು. ಕಾಲಿನ ಕಡೆ ಹಾಸಿಗೆಯ ಸುಕ್ಕು ಬಿಡಿಸುತ್ತಿದ್ದ ಸೆತ್ಸು ಕೈ ನಿಲ್ಲಿಸಿದಳು. ಅವಳ ಬಾಯಿ ಒಂದು ಸಲ ಸೊಟ್ಟಗಾಯಿತು. ನಗುವೋ ಅಳುವೋ, ಎರಡಕ್ಕೂ ಬಿಡದೆ ಅವಳು ಅದನ್ನು ನೆಟ್ಟಗೆ ಮಾಡಿಕೊಂಡಳು.

“ಅವರು ಯಾವತ್ತು ನಿಮ್ಮ ಮಾತು ಕೇಳಿದ್ದಾರೆ,” ಎಂದಳು. “ನೀವೇ ಎತ್ತಿ.”

ಕಿಯೊಹಾರು ಎತ್ತಿದ.